‘ನಿನ್ನೆ ಚೆನ್ನಾಗೇ ಇದ್ದೆಯಲ್ಲ?’ ಅಂದ ಮೇಲೆ ಮನೆಯಲ್ಲಿ ಮಾತು ನಿಂತಿದೆ

ಪ್ರಶ್ನೆ: ಡಾಕ್ಟರೇ, ನನಗೆ 43 ವರ್ಷ, ಹೆಂಡತಿಗೆ 39. ಅವಳಿಗೆ 12 ವರ್ಷದಿಂದ ತಲೆಯಲ್ಲಿ, ಮೊಣಕೈಯಲ್ಲಿ ಸೋರಿಯಾಸಿಸ್ (ಚರ್ಮ ಚಕ್ಕೆ ಏಳುವ ಕಾಯಿಲೆ) ಇದೆ. 2 ವರ್ಷದ ಹಿಂದೆ ಬೆರಳು, ಹಿಮ್ಮಡಿ ಊದಿಕೊಂಡು ನೋವು ಶುರುವಾಯಿತು. ಸೋರಿಯಾಟಿಕ್ ಆರ್ಥ್ರೈಟಿಸ್, ಅಂದರೆ ಸೋರಿಯಾಸಿಸ್ ಜೊತೆ ಬರುವ ಕೀಲುವಾತ ಅಂತ ಗೊತ್ತಾಯಿತು. ಅದಕ್ಕೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ ತಗೊಳ್ಳುತ್ತಾಳೆ. ಒಂದು ದಿನ ಮನೆ, ಆಫೀಸು ಎರಡೂ ನೋಡಿಕೊಳ್ಳುತ್ತಾಳೆ. ಮರುದಿನ ಹಾಸಿಗೆಯಿಂದ ಏಳೋಕೇ ಆಗಲ್ಲ ಅನ್ನುತ್ತಾಳೆ. ಹೋದ ತಿಂಗಳು ನೆಂಟರ ಮನೆಗೆ ಹೋಗಿ ಬಂದ ಮರುದಿನವೂ ಹೀಗೇ ಆಯಿತು. ‘ನಿನ್ನೆ ಚೆನ್ನಾಗೇ ಇದ್ದೆಯಲ್ಲ?’ ಅಂದುಬಿಟ್ಟೆ. ಅವತ್ತಿನಿಂದ ನೋವಿನ ಸುದ್ದಿಯನ್ನೇ ಎತ್ತುತ್ತಿಲ್ಲ. ಕೇಳಿದರೆ ‘ಪರವಾಗಿಲ್ಲ’, ಅಷ್ಟೇ. ಸಹಾಯಕ್ಕೆ ಹೋದರೆ ಸಿಡುಕುತ್ತಾಳೆ. ಸುಮ್ಮನಿದ್ದರೆ ಕಣ್ಣಲ್ಲಿ ನೀರು. ಹತ್ತಿರ ಮಲಗುವುದೂ ಕಡಿಮೆಯಾಗಿದೆ. 10 ವರ್ಷದ ಮಗಳು ‘ನನಗೂ ಬರುತ್ತಾ?’ ಅಂತ ಕೇಳುತ್ತಿದ್ದಾಳೆ. ನಿಜ ಹೇಳಬೇಕೆಂದರೆ ನನಗೂ ಸಾಕಾಗಿದೆ, ಹೇಳಿಕೊಳ್ಳೋಕೆ ನಾಚಿಕೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ಚಿಂತೆ ತಂದ ಸಾಲು ಒಂದೇ. ಅವರು ನೋವಿನ ಸುದ್ದಿಯನ್ನೇ ಎತ್ತುತ್ತಿಲ್ಲ ಅನ್ನುವುದು. ಊತಕ್ಕೆ, ಸುಸ್ತಿಗೆ, ಸಿಡುಕಿಗೆ ಏನಾದರೂ ದಾರಿ ಹುಡುಕಬಹುದು. ಆದರೆ ಈ ಕಾಯಿಲೆ ಇರುವವರು ಬಾಯಿ ಮುಚ್ಚಿಕೊಂಡುಬಿಟ್ಟರೆ ನಮ್ಮಂಥ ಡಾಕ್ಟರ ಕೈಯೂ ಕಟ್ಟಿದ ಹಾಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು ನೀವು ಹೆಂಡತಿಯನ್ನು ಕೇಳಿದ ಪ್ರಶ್ನೆಗೆ ನಾನೇ ಉತ್ತರ ಕೊಡುತ್ತೇನೆ. ನಿನ್ನೆ ಚೆನ್ನಾಗಿದ್ದವರು ಇವತ್ತು ಏಳಲಾಗದ ಹಾಗೆ ಆಗುವುದು ಹೇಗೆ?

ಸೋಂಕಿನ ಜೊತೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿ ತಪ್ಪಿ ಸ್ವಂತ ಚರ್ಮದ ಮೇಲೇ ತಿರುಗಿ ಬಿದ್ದಾಗ ಸೋರಿಯಾಸಿಸ್ ಬರುತ್ತದೆ. ಸೋರಿಯಾಸಿಸ್ ಇರುವ 10 ಜನರಲ್ಲಿ ಸುಮಾರು 2-3 ಜನರಿಗೆ ಅದೇ ಉರಿ ಕೀಲುಗಳಿಗೂ ಹೋಗುತ್ತದೆ. ಸಾಮಾನ್ಯವಾಗಿ ಚರ್ಮ ಮೊದಲು, ಸುಮಾರು 10 ವರ್ಷ ಕಳೆದ ಮೇಲೆ ಕೀಲು. ಶುರುವಾಗುವುದು ಬಹಳ ಸಲ 30ರಿಂದ 50ರ ಒಳಗೆ. ನಿಮ್ಮ ಮನೆಯಲ್ಲಿ ಆದದ್ದೂ ಹೀಗೇ.

ವಯಸ್ಸಾದ ಮೇಲೆ ಮಂಡಿ ಸವೆಯುತ್ತದಲ್ಲ, ಆ ನೋವು ನಮಗೆಲ್ಲ ಗೊತ್ತು. ನಡೆದರೆ ಜಾಸ್ತಿ, ಕೂತರೆ ಕಡಿಮೆ. ಈ ನೋವು ಅದಕ್ಕೆ ತಿರುಗಾಮುರುಗಾ. ರಾತ್ರಿಯೆಲ್ಲ ಮಲಗಿ ಬೆಳಿಗ್ಗೆ ಏಳುವಾಗಲೇ ಮೈ ಹಿಡಿದುಕೊಂಡಿರುತ್ತದೆ. ಅರ್ಧ ಗಂಟೆ, ಕೆಲವರಿಗೆ ಎರಡು ಗಂಟೆ ಬೇಕು ಬೆರಳು ಮಡಚೋಕೆ. ಓಡಾಡುತ್ತಾ ಹೋದ ಹಾಗೆ ಸಡಿಲವಾಗುತ್ತದೆ. ಬೆಳಿಗ್ಗೆ ಆರಕ್ಕೆ ಅವರನ್ನು ನೋಡಿದವರು ‘ಪಾಪ’ ಅನ್ನುತ್ತಾರೆ. ಹನ್ನೊಂದಕ್ಕೆ ನೋಡಿದವರು ‘ಏನೂ ಆಗಿಲ್ಲವಲ್ಲ’ ಅನ್ನುತ್ತಾರೆ. ಇಬ್ಬರೂ ನೋಡಿದ್ದು ಒಬ್ಬರನ್ನೇ, ಒಂದೇ ದಿನ.

ಇನ್ನೊಂದು ವಿಷಯ. ಸ್ನಾಯು ಬಂದು ಮೂಳೆಗೆ ಅಂಟುವ ಜಾಗ ಇರುತ್ತದಲ್ಲ, ಈ ಕಾಯಿಲೆಗೆ ಆ ಜಾಗ ಅಂದರೆ ಬಹಳ ಇಷ್ಟ. ಹಿಮ್ಮಡಿಯ ಹಿಂಭಾಗ, ಅಂಗಾಲು, ಮೊಣಕೈ, ಪಕ್ಕೆಲುಬು. ಅಲ್ಲಿ ಎದ್ದು ಕಾಣುವಂಥ ಊತ ಇಲ್ಲದಿರಬಹುದು. ಮುಟ್ಟಿ ಒತ್ತಿದರೆ ಮಾತ್ರ ಜೀವ ಹೋದ ಹಾಗೆ ಆಗುತ್ತದೆ. ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ನಿಮ್ಮ ಹೆಂಡತಿ ಗೋಡೆ ಹಿಡಿದುಕೊಳ್ಳುತ್ತಾರಾ ಅಂತ ಒಮ್ಮೆ ಗಮನಿಸಿ.

ನೋವು ಜಾಗ ಬದಲಿಸುವುದೂ ಉಂಟು. ಎಡಗೈಯ ಒಂದು ಬೆರಳು, ಬಲಗಾಲಿನ ಹಿಮ್ಮಡಿ, ಆಮೇಲೆ ಸೊಂಟ. ಇದಕ್ಕೂ ಅದಕ್ಕೂ ಏನು ಸಂಬಂಧ ಅಂತ ನೋಡುವವರಿಗೆ ಅನ್ನಿಸುತ್ತದೆ. ನಿಮ್ಮೊಬ್ಬರಿಗೇ ಅಲ್ಲ, ವೈದ್ಯರಿಗೂ ಹಾಗೇ ಅನ್ನಿಸುತ್ತಿತ್ತು. ಇದು ರುಮಟಾಯ್ಡ್ ಆರ್ಥ್ರೈಟಿಸ್ ಅನ್ನುವ ಬೇರೊಂದು ಕೀಲುವಾತದ ಇನ್ನೊಂದು ರೂಪ ಇರಬೇಕು ಅಂತ ಬಹಳ ಕಾಲ ತಿಳಿದಿದ್ದರು. 1973ರಲ್ಲಿ ಮೋಲ್ ಮತ್ತು ರೈಟ್ ಅನ್ನುವ ಇಬ್ಬರು ವೈದ್ಯರು ಈ ಕಾಯಿಲೆ ಕಾಣಿಸಿಕೊಳ್ಳುವ ಐದು ಬಗೆಗಳನ್ನು ಬಿಡಿಸಿ ಬರೆದರು. ಅಲ್ಲೊಂದು ಇಲ್ಲೊಂದು ಕೀಲು ಹಿಡಿಯುವುದು ಆ ಐದರಲ್ಲಿ ಒಂದು. ಅಂದರೆ ನಿಮ್ಮ ಹೆಂಡತಿಯ ನೋವು ಓಡಾಡುವುದು ಮನಸ್ಸಿನ ಭ್ರಮೆ ಅಲ್ಲ. ಕಾಯಿಲೆಯ ಸ್ವಭಾವವೇ ಅದು.

ಈಗ ನೆಂಟರ ಮನೆಯ ದಿನಕ್ಕೆ ಬರೋಣ. ಅವತ್ತು ಅವರು ನಿಜಕ್ಕೂ ಸ್ವಲ್ಪ ಚೆನ್ನಾಗಿದ್ದಿರಬಹುದು. ಅಥವಾ ನಾಲ್ಕು ಜನರ ಮುಂದೆ ಚೆನ್ನಾಗಿರುವ ಹಾಗೆ ಕಾಣಿಸಿಕೊಂಡಿರಬಹುದು. ಎರಡಕ್ಕೂ ಮರುದಿನ ಬೆಲೆ ತೆರಬೇಕಾಗುತ್ತದೆ. ಒಳ್ಳೆಯ ದಿನ ಸಿಕ್ಕಿತು ಅಂದರೆ ವಾರದಿಂದ ಉಳಿದ ಕೆಲಸವನ್ನೆಲ್ಲ ಆ ಒಂದೇ ದಿನ ಮುಗಿಸೋಕೆ ಹೋಗುವವರನ್ನು ನಾನು ತುಂಬ ನೋಡಿದ್ದೇನೆ. ಅದರಲ್ಲೂ ‘ನನ್ನಿಂದ ಮನೆಯವರಿಗೆ ತೊಂದರೆ’ ಅನ್ನುವ ಭಾವ ಇರುವವರು ಇನ್ನೂ ಜಾಸ್ತಿ. ಸಂಜೆ ಹೊತ್ತಿಗೆ ಕೀಲು ಕೆರಳುತ್ತದೆ. ರಾತ್ರಿ ನಿದ್ದೆ ಬರಲ್ಲ. ಬೆಳಿಗ್ಗೆ ನೀವು ನೋಡಿದ ಹೆಂಡತಿ ಅದೇ.

ಈ ಹೊತ್ತಿನಲ್ಲಿ ‘ನಿನ್ನೆ ಚೆನ್ನಾಗೇ ಇದ್ದೆಯಲ್ಲ’ ಅಂದರೆ ಅವರ ಕಿವಿಗೆ ಅದು ಪ್ರಶ್ನೆಯಾಗಿ ಕೇಳಿಸುವುದಿಲ್ಲ. ‘ನಾಟಕ ಆಡಬೇಡ’ ಅಂತ ಕೇಳಿಸುತ್ತದೆ. ನೀವು ಹಾಗೆ ಅಂದುಕೊಂಡಿರಲಿಲ್ಲ, ನನಗೆ ಗೊತ್ತು. ಆದರೂ ಅವರು ಒಂದು ಲೆಕ್ಕ ಹಾಕಿಬಿಟ್ಟರು. ಹೇಳಿದರೆ ನಂಬಲ್ಲ, ಸುಮ್ನೆ ಇರುವುದೇ ವಾಸಿ ಅಂತ.

ಆ ಸುಮ್ಮನಿರುವಿಕೆ ಎಷ್ಟು ಹಾಳು ಮಾಡುತ್ತದೆ ಅನ್ನುವುದನ್ನು ಒಬ್ಬರು ನನಗೆ ಕಲಿಸಿದರು. ವರ್ಷಗಳ ಹಿಂದಿನ ಮಾತು. ಗಂಡ ಹೆಂಡತಿ ಇಬ್ಬರೂ ಬಂದಿದ್ದರು. ‘ಹೇಗಿದ್ದೀರಿ?’ ಅಂದೆ. ‘ಪರವಾಗಿಲ್ಲ’ ಅಂದರು ಆಕೆ. ರಕ್ತದ ವರದಿ ಸರಿಯಾಗಿತ್ತು. ಹಳೆಯ ಮಾತ್ರೆಯನ್ನೇ ಮುಂದುವರಿಸಲು ಬರೆದೆ. ಎದ್ದು ಹೊರಡುವಾಗ ಆಕೆ ಚೀಲದಿಂದ ನೀರಿನ ಬಾಟಲಿ ತೆಗೆದರು. ಅದನ್ನು ತೊಡೆಗಳ ನಡುವೆ ಇಟ್ಟುಕೊಂಡರು. ಮುಚ್ಚಳದ ಮೇಲೆ ಅಂಗೈ ಒತ್ತಿ, ಮುಂಗೈಯನ್ನು ಇಡಿಯಾಗಿ ತಿರುಗಿಸಿದರು. ಒಂದು ಬೆರಳನ್ನೂ ಬಳಸಲಿಲ್ಲ. ಎಷ್ಟು ಸಲೀಸಾಗಿ ಮಾಡಿದರು ಅಂದರೆ, ತಿಂಗಳುಗಳಿಂದ ಹಾಗೇ ಮಾಡುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು. ಗಂಡ ಅದನ್ನು ನೋಡುತ್ತಿದ್ದರು, ಆದರೆ ಅವರ ಕಣ್ಣಿಗೆ ಅದು ಬೀಳುತ್ತಿರಲಿಲ್ಲ. ನಾನು ಮತ್ತೆ ಕೂರಿಸಿ ಕೈ ಹಿಡಿದು ಒಂದೊಂದೇ ಬೆರಳು ಒತ್ತಿ ನೋಡಿದೆ. ನಾಲ್ಕು ಬೆರಳಲ್ಲಿ ಬಾವು ಇತ್ತು. ಅವತ್ತೇ ಚಿಕಿತ್ಸೆ ಬದಲಿಸಿದೆ. ಆ ಬಾಟಲಿ ತೆಗೆಯದಿದ್ದರೆ ಇನ್ನೊಂದಷ್ಟು ತಿಂಗಳು ಆ ಬೆರಳುಗಳು ಸುಮ್ನೆ ಹಾಳಾಗುತ್ತಿದ್ದವು.

ಮುಂದೆ ಹೇಳುತ್ತೇನೆ ಅಂದದ್ದು ಇದೇ. ಈ ಕಾಯಿಲೆಗೆ ಇದೇ ಅಂತ ಒಂದು ರಕ್ತಪರೀಕ್ಷೆ ಇಲ್ಲ. ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಮಾಡುವ ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆ ಇದರಲ್ಲಿ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ಉರಿಯೂತ ತೋರಿಸುವ ಇಎಸ್‌ಆರ್, ಸಿಆರ್‌ಪಿ ಕೂಡ ಎಷ್ಟೋ ಜನರಲ್ಲಿ ಸರಿಯಾಗೇ ಇರುತ್ತವೆ, ಒಳಗೆ ಕೀಲು ಉರಿಯುತ್ತಿದ್ದರೂ ಸಹ. ಹಾಗಾಗಿ ನಾವು ನಂಬುವುದು ಎರಡನ್ನು. ನಮ್ಮ ಬೆರಳಿಗೆ ಸಿಗುವ ಊತ, ರೋಗಿಯ ಬಾಯಿಂದ ಬರುವ ಮಾತು. ತಪಾಸಣೆಯ ದಿನ ಊತ ಇಳಿದಿದ್ದರೆ ಉಳಿಯುವುದು ಮಾತೊಂದೇ. ಕೀಲಿಗೆ ಒಮ್ಮೆ ಆದ ಹಾನಿಯನ್ನು ಔಷಧಿ ಹಿಂದಕ್ಕೆ ತರುವುದಿಲ್ಲ. ಶುರುವಿನಲ್ಲಿ 6 ತಿಂಗಳು ತಡವಾದರೂ ಅದರ ಗುರುತು ಎಕ್ಸ್‌ರೇಯಲ್ಲಿ ಉಳಿದುಬಿಡಬಹುದು.

ಆದ್ದರಿಂದ ಮೊದಲ ಕೆಲಸ, ಆ ಮಾತಿಗೆ ಕ್ಷಮೆ ಕೇಳಿ. ಉದ್ದದ ವಿವರಣೆ ಬೇಡ. ‘ಅವತ್ತು ನಾನು ಹಾಗೆ ಅನ್ನಬಾರದಿತ್ತು. ನನಗೆ ಈ ಕಾಯಿಲೆ ಅರ್ಥ ಆಗಿರಲಿಲ್ಲ. ನೀನು ಹೇಳಿದ್ದನ್ನು ನಂಬುತ್ತೇನೆ’ ಅಂದರೆ ಸಾಕು. ‘ಆದರೆ’ ಅಂತ ಸೇರಿಸಬೇಡಿ. ಅವರು ತಕ್ಷಣ ಕರಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನಂಬುತ್ತೀರಾ ಇಲ್ಲವಾ ಅಂತ ಮುಂದಿನ ಕೆಟ್ಟ ದಿನ ಬಂದಾಗ ಅವರೇ ನೋಡಿಕೊಳ್ಳುತ್ತಾರೆ.

ಕೇಳುವ ರೀತಿಯನ್ನೂ ಬದಲಿಸಿ. ‘ಹೇಗಿದ್ದೀಯ?’ ಅಂದರೆ ‘ಪರವಾಗಿಲ್ಲ’ ಅಂತಲೇ ಬರುತ್ತದೆ, ನಾವೆಲ್ಲ ಹಾಗೇ ಅಲ್ವಾ? ‘ಇವತ್ತು ಕೈ ಹೇಗಿದೆ? ಎಷ್ಟು ಹೊತ್ತಿಗೆ ಸಡಿಲ ಆಯಿತು?’ ಅಂತ ಕೇಳಿ. ಕೆಲವು ದಂಪತಿಗಳು ನೋವಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಇಟ್ಟುಕೊಂಡಿದ್ದಾರೆ. ಸೊನ್ನೆ ಅಂದರೆ ನೋವಿಲ್ಲ, ಹತ್ತು ಅಂದರೆ ತಡೆಯಲಾಗದ ನೋವು. ಬೆಳಿಗ್ಗೆ ‘ಇವತ್ತು ಆರು’ ಅಂದರೆ ಮುಗಿಯಿತು. ವಿವರಿಸುವ ಕೆಲಸವೂ ಇಲ್ಲ, ಗೋಗರೆಯುವ ಕೆಲಸವೂ ಇಲ್ಲ. ಆರು ಅಂದರೆ ಮನೆಯಲ್ಲಿ ಏನೇನು ಬದಲಾಗಬೇಕು ಅನ್ನುವುದನ್ನು ಮಾತ್ರ ಎರಡು ಇರುವ ದಿನ ಕೂತು ಮಾತಾಡಿಕೊಳ್ಳಿ. ನೋವಿನ ನಡುವೆ ಮಾತಾಡಿದರೆ ಅದು ಜಗಳವಾಗುತ್ತದೆ. ಒಳ್ಳೆಯ ದಿನ ಮಾತಾಡಿದರೆ ಅದೇ ಮಾತು ಏರ್ಪಾಡು ಆಗುತ್ತದೆ. ಮಗಳನ್ನು ಶಾಲೆಗೆ ಯಾರು ಬಿಡುವುದು, ಅಡುಗೆಯಲ್ಲಿ ಏನು ಬಿಡಬಹುದು, ಯಾವ ಕೆಲಸ ನಾಳೆಗೆ ಇದ್ದರೂ ನಡೆಯುತ್ತದೆ, ಇಷ್ಟು ತೀರ್ಮಾನವಾದರೆ ಬೆಳಿಗ್ಗೆ ಆರು ಗಂಟೆಗೆ ಯಾರೂ ಯಾರನ್ನೂ ಬೇಡಬೇಕಾಗಿಲ್ಲ.

ಸಹಾಯಕ್ಕೆ ಹೋದರೆ ಸಿಡುಕುತ್ತಾರೆ ಅಂದಿರಿ. ಹೇಗೆ ಹೋಗುತ್ತೀರಿ ಅಂತ ನೀವು ಬರೆದಿಲ್ಲ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ನಡೆಯುವುದು ಹೀಗೆ. ಅವರು ಒಂದು ಗುಂಡಿ ಹಾಕಿಕೊಳ್ಳೋಕೆ ಒದ್ದಾಡುತ್ತಿರುತ್ತಾರೆ. ಒಮ್ಮೆ ಜಾರುತ್ತದೆ, ಎರಡನೇ ಸಲವೂ ಜಾರುತ್ತದೆ. ಮೂರನೇ ಸಲ ಸಿಕ್ಕಿಯೇಬಿಟ್ಟಿತು ಅನ್ನುವಷ್ಟರಲ್ಲಿ ಗಂಡ ಬಂದು ‘ಬಿಡು, ನಾನು ಹಾಕುತ್ತೇನೆ’ ಅಂತ ಕೈ ಸರಿಸುತ್ತಾರೆ. ಪ್ರೀತಿಯಿಂದಲೇ ಮಾಡಿದ್ದು. ಆದರೆ ಅವರ ಕೈಯಲ್ಲಿ ಇನ್ನೂ ಆಗುತ್ತಿದ್ದ ಒಂದು ಕೆಲಸವನ್ನು ಕಿತ್ತುಕೊಂಡ ಹಾಗೆ. ಈಗಾಗಲೇ ಎಷ್ಟೋ ಕೈತಪ್ಪಿ ಹೋಗಿದೆ ಅಂತ ಅನ್ನಿಸುತ್ತಿರುವವರಿಗೆ ಅದು ಚುಚ್ಚುತ್ತದೆ. ‘ನಾನು ಮಾಡಲಾ, ಇಲ್ಲಾ ನೀನೇ ಮಾಡ್ತೀಯಾ?’ ಅಂತ ಒಂದು ಮಾತು ಕೇಳಿ. ಬೇಡ ಅಂದರೆ ನಿಂತು ನೋಡುತ್ತಾ ಇರಬೇಡಿ, ನಿಮ್ಮ ಕೆಲಸಕ್ಕೆ ಹೋಗಿ. ಹೊತ್ತು ಜಾಸ್ತಿ ಹಿಡಿದರೆ ಹಿಡಿಯಲಿ, ಐದು ನಿಮಿಷ ಮೊದಲು ಹೊರಟರಾಯಿತು.

ಸುಮ್ಮನಿದ್ದರೆ ಅಳುತ್ತಾರೆ ಅನ್ನುವುದಕ್ಕೂ ಕಾರಣ ಹತ್ತಿರದಲ್ಲೇ ಇದೆ. ಭಾರದ ಕೆಲಸ, ಬೆರಳಿಗೆ ಬಲ ಬೇಕಾದ ಕೆಲಸ, ಇವನ್ನು ಪ್ರತಿದಿನ ಬಾಯಿಬಿಟ್ಟು ಕೇಳಬೇಕಾದರೆ ಯಾರಿಗಾದರೂ ಸಾಕಾಗುತ್ತದೆ. ಅಂಥವನ್ನು ಖಾಯಂ ನಿಮ್ಮ ಪಾಲಿಗೆ ತಗೊಂಡುಬಿಡಿ. ನೀರು ತುಂಬಿದ ಪಾತ್ರೆ ಎತ್ತುವುದು, ಬಟ್ಟೆ ಹಿಂಡುವುದು, ಡಬ್ಬಿಗಳ ಮುಚ್ಚಳ. ರಾತ್ರಿ ಮಲಗುವ ಮೊದಲು ಬೆಳಿಗ್ಗೆ ಬೇಕಾದ ಡಬ್ಬಿಗಳ ಮುಚ್ಚಳವನ್ನು ಸಡಿಲ ಮಾಡಿಟ್ಟು ಮಲಗುವ ಒಬ್ಬರನ್ನು ನಾನು ಬಲ್ಲೆ. ಹೆಂಡತಿ ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಮನೆಯಲ್ಲಿ ಚಿಕ್ಕಪುಟ್ಟ ಬದಲಾವಣೆಗಳೂ ಬಹಳ ಕೆಲಸಕ್ಕೆ ಬರುತ್ತವೆ. ತಿರುಗಿಸುವ ನಲ್ಲಿಯ ಬದಲು ಒತ್ತುವ ಅಥವಾ ಎತ್ತುವ ನಲ್ಲಿ. ದಪ್ಪ ಹಿಡಿಯ ಚಾಕು, ಸೌಟು. ಹಿಮ್ಮಡಿಗೆ ಮೆತ್ತಗಿರುವ ಚಪ್ಪಲಿ, ಮನೆಯೊಳಗೂ. ಬೆಳಿಗ್ಗೆ ಬಿಸಿನೀರಿನ ಸ್ನಾನ, ಅಥವಾ ಬಿಸಿನೀರಲ್ಲಿ ಕೈ ಅದ್ದಿ ಬೆರಳು ಮಡಚಿ ಬಿಡಿಸುವುದು. ಊದಿದ ಬೆರಳಿನಲ್ಲಿ ಉಂಗುರ ಇದ್ದರೆ ಇವತ್ತೇ ತೆಗೆಸಿಬಿಡಿ. ಈ ಕಾಯಿಲೆಯಲ್ಲಿ ಬೆರಳು ಬುಡದಿಂದ ತುದಿಯವರೆಗೆ ಇಡಿಯಾಗಿ ಊದಿಕೊಳ್ಳುತ್ತದೆ. ಆಮೇಲೆ ಉಂಗುರ ಕತ್ತರಿಸಬೇಕಾಗುತ್ತದೆ.

ಸುಸ್ತಿನ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ನೋವನ್ನಾದರೂ ಜನ ನಂಬುತ್ತಾರೆ, ಸುಸ್ತನ್ನು ಯಾರೂ ನಂಬುವುದಿಲ್ಲ. ಜೋರು ಜ್ವರ ಬಂದು ಬಿಟ್ಟ ಮರುದಿನ ಮೈ ಹೇಗಿರುತ್ತದೆ ನೆನಪಿದೆಯಾ? ಕಾಲು ಎತ್ತಿಟ್ಟರೆ ಸೀಸದ ಹಾಗೆ ಭಾರ, ತಲೆಯಲ್ಲಿ ಮಂಜು ಕವಿದ ಹಾಗೆ. ಆ ಜ್ವರದಲ್ಲಿ ದೇಹ ಯಾವ ರಾಸಾಯನಿಕಗಳನ್ನು ರಕ್ತಕ್ಕೆ ಬಿಡುತ್ತದೋ ಅಂಥವೇ ಈ ಕಾಯಿಲೆಯಲ್ಲೂ ಹರಿಯುತ್ತಿರುತ್ತವೆ. ಟಿಎನ್‌ಎಫ್ ಅಂತ ಒಂದಿದೆ, ಇಂಟರ್‌ಲ್ಯೂಕಿನ್ 17, 23 ಅಂತ ಇನ್ನೂ ಕೆಲವು. ಹೊಸ ಇಂಜೆಕ್ಷನ್‌ಗಳು ತಡೆಯುವುದು ಇವನ್ನೇ. ಇದರ ಜೊತೆ ರಾತ್ರಿ ನೋವಿಗೆ ಎಚ್ಚರ, ತುರಿಕೆಗೆ ಎಚ್ಚರ. ಹೀಗಾಗಿ ಎಂಟು ಗಂಟೆ ಮಲಗಿ ಎದ್ದರೂ ಮಲಗಿಲ್ಲದ ಹಾಗೇ ಇರುತ್ತದೆ. ‘ಮಲಗಿ ಎದ್ದರೆ ಸರಿಹೋಗುತ್ತೆ’ ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ. ನಡೆಯುವುದು ಅಂದರೆ ಕೆಲಸವನ್ನು ತುಂಡು ಮಾಡುವುದು. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಕೂರುವುದು. ಸುಸ್ತಾದ ಮೇಲೆ ಕೂರುವುದಲ್ಲ, ಆಗುವ ಮೊದಲೇ. ಒಳ್ಳೆಯ ದಿನದಲ್ಲೂ ಹೀಗೇ ಮಾಡಬೇಕು. ಅಲ್ಲೇ ನೀವು ಬೇಕು. ‘ಇವತ್ತು ಚೆನ್ನಾಗಿದ್ದೀಯ, ಇದನ್ನೂ ಮುಗಿಸಿಬಿಡೋಣ’ ಅನ್ನುವ ಆಸೆ ನಿಮಗೂ ಬರುತ್ತದೆ. ತಡೆದುಕೊಳ್ಳಿ. ಇನ್ನೊಂದು, ಸುಸ್ತು ಜಾಸ್ತಿ ಇದ್ದರೆ ಡಾಕ್ಟರಿಗೆ ಹೇಳಿ. ರಕ್ತ ಕಡಿಮೆ ಇರುವುದು, ಥೈರಾಯ್ಡ್, ಮನಸ್ಸಿನ ಕುಗ್ಗು, ಇವೂ ಜೊತೆಗೆ ಸೇರಿರಬಹುದು. ಇವಕ್ಕೆ ಬೇರೆಯೇ ಚಿಕಿತ್ಸೆ ಇದೆ.

ವ್ಯಾಯಾಮ ಬಿಡಬಾರದು. ನಡಿಗೆ, ಈಜು, ಸೈಕಲ್, ಯಾವುದು ಆಗುತ್ತದೋ ಅದು. ಕೀಲು ಉರಿಯುತ್ತಿರುವ ದಿನ ಕಡಿಮೆ, ಆದರೆ ಪೂರ್ತಿ ನಿಲ್ಲಿಸುವುದಲ್ಲ. ತೂಕ ಜಾಸ್ತಿ ಇದ್ದರೆ ಸ್ವಲ್ಪ ಇಳಿಸಿದರೂ ಔಷಧಿ ಚೆನ್ನಾಗಿ ಹಿಡಿಯುತ್ತದೆ. ಇದನ್ನು ಅವರಿಗೆ ಬೋಧನೆ ಮಾಡುವ ಬದಲು ಸಂಜೆ ನೀವೇ ಚಪ್ಪಲಿ ಹಾಕಿಕೊಂಡು ‘ಬಾ, ಒಂದು ಸುತ್ತು ಹೋಗಿ ಬರೋಣ’ ಅನ್ನಿ. ಅವರ ಹೆಜ್ಜೆಗೆ ನಿಮ್ಮ ಹೆಜ್ಜೆ ಹೊಂದಿಸಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ಅದು ನಿಲ್ಲಬೇಕು.

ಈಗ ಔಷಧಿ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನದ ಮಾತ್ರೆ. ಇದನ್ನು ನಾನು ಎಷ್ಟು ಸಲ ಹೇಳಿದರೂ ಕಡಿಮೆಯೇ. ಮರೆತು ದಿನಾ ತಗೊಂಡು ಪ್ರಾಣಕ್ಕೆ ಬಂದ ಉದಾಹರಣೆಗಳಿವೆ. ವಾರದ ಯಾವ ದಿನ ಅನ್ನುವುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಜೊತೆಗೆ ಕೊಟ್ಟ ಫೋಲಿಕ್ ಆ್ಯಸಿಡ್ ಬಿಡಬಾರದು. ರಕ್ತಪರೀಕ್ಷೆಯ ದಿನ ತಪ್ಪಿಸಬಾರದು, ಲಿವರ್ ಮತ್ತು ರಕ್ತಕಣ ಹೇಗಿವೆ ಅಂತ ನೋಡುವುದು ಅದರಲ್ಲೇ. ಮದ್ಯ ಇದಕ್ಕೆ ಆಗುವುದಿಲ್ಲ. ಬೇರೆ ಡಾಕ್ಟರ ಹತ್ತಿರ ಬೇರೆ ಯಾವುದಕ್ಕೋ ಹೋದರೂ ಈ ಮಾತ್ರೆಯ ಹೆಸರು ಮೊದಲು ಹೇಳಬೇಕು. ಟ್ರೈಮೆಥೊಪ್ರಿಮ್ ಇರುವ ಆಂಟಿಬಯಾಟಿಕ್ ಇದರ ಜೊತೆ ಸೇರಿದರೆ ಅಪಾಯ. ನೋವಿನ ಮಾತ್ರೆಯನ್ನು ಸ್ವಂತಕ್ಕೆ ಸೇರಿಸಿಕೊಳ್ಳಬಾರದು. ಈ ಮಾತ್ರೆ ತಗೊಳ್ಳುತ್ತಿರುವಾಗ ಗರ್ಭ ನಿಲ್ಲಬಾರದು, ಮಗುವಿಗೆ ತೊಂದರೆಯಾಗುತ್ತದೆ. ಇನ್ನೊಂದು ಮಗು ಬೇಕು ಅನ್ನುವ ಯೋಚನೆ ಇದ್ದರೆ ಮೊದಲೇ ಡಾಕ್ಟರ ಜೊತೆ ಮಾತಾಡಿ. ಕೆಲವರಿಗೆ ಮಾತ್ರೆಯ ಮರುದಿನ ವಾಕರಿಕೆ, ಮಂಕು ಇರುತ್ತದೆ. ನಿಮ್ಮ ಹೆಂಡತಿ ಏಳಲಾಗದ ದಿನ ಅದೇ ದಿನವಾ ಅಂತ ಕ್ಯಾಲೆಂಡರ್ ನೋಡಿ. ಹೌದಾದರೆ ರಜೆಯ ಹಿಂದಿನ ರಾತ್ರಿಗೆ ಬದಲಿಸಬಹುದು, ಮಾತ್ರೆಯ ಬದಲು ಇಂಜೆಕ್ಷನ್ ಕೊಡಬಹುದು. ಡಾಕ್ಟರನ್ನು ಕೇಳಿ.

2 ವರ್ಷದಿಂದ ಒಂದೇ ಔಷಧಿ, ಆದರೂ ಹಾಸಿಗೆ ಹಿಡಿಸುವಂಥ ದಿನಗಳು. ಇದು ಸಾಕಾಗುತ್ತಿಲ್ಲ ಅಂತ ನನಗೆ ಅನ್ನಿಸುತ್ತದೆ. ಒಂದು ಚಿಕಿತ್ಸೆ ಶುರು ಮಾಡಿ 3 ತಿಂಗಳಲ್ಲಿ ಒಳ್ಳೆಯ ಬದಲಾವಣೆ ಕಾಣಬೇಕು, 6 ತಿಂಗಳಲ್ಲಿ ಕಾಯಿಲೆ ಹತೋಟಿಗೆ ಬರಬೇಕು ಅನ್ನುವುದು ನಾವು ಇಟ್ಟುಕೊಳ್ಳುವ ಗುರಿ. ಬರದಿದ್ದರೆ ಮುಂದಿನ ಮೆಟ್ಟಿಲು ಇದೆ. ಅಡಾಲಿಮ್ಯುಮಾಬ್, ಎಟನರ್ಸೆಪ್ಟ್, ಸೆಕುಕಿನ್ಯುಮಾಬ್ ಮೊದಲಾದ ಬಯಾಲಜಿಕ್ ಇಂಜೆಕ್ಷನ್‌ಗಳಿವೆ (ಮೇಲೆ ಹೇಳಿದ ಹೊಸ ಇಂಜೆಕ್ಷನ್‌ಗಳು ಇವೇ), ಟೋಫಾಸಿಟಿನಿಬ್‌ನಂಥ ಮಾತ್ರೆಗಳಿವೆ. ಇವನ್ನು ಶುರು ಮಾಡುವ ಮೊದಲು ಒಳಗೆ ಕ್ಷಯದ ಸೋಂಕು ಅಡಗಿದೆಯಾ, ಹೆಪಟೈಟಿಸ್ ಇದೆಯಾ ಅಂತ ನೋಡುತ್ತಾರೆ. ಅದಕ್ಕೆ ಗಾಬರಿ ಬೇಡ. ಸೋಂಕು ಬೇಗ ತಗಲಬಹುದು, ಆದ್ದರಿಂದ ಜ್ವರ ಬಂದರೆ ಕಾಯದೆ ತೋರಿಸಬೇಕು. ಯಾವ ಔಷಧಿ, ಯಾವಾಗ ಅನ್ನುವುದನ್ನು ಅವರನ್ನು ಕೈಯಾರೆ ನೋಡಿದ ರುಮಟಾಲಜಿಸ್ಟ್ (ಕೀಲುವಾತದ ತಜ್ಞರು) ತೀರ್ಮಾನಿಸಬೇಕು, ಪತ್ರ ಓದಿ ನಾನಲ್ಲ. ಆದರೆ ‘ಇದಕ್ಕಿಂತ ಚೆನ್ನಾಗಿರೋಕೆ ದಾರಿ ಇದೆಯಾ?’ ಅಂತ ಕೇಳುವ ಹಕ್ಕು ನಿಮ್ಮಿಬ್ಬರಿಗೂ ಇದೆ.

ಯಾರೋ ಹೇಳಿದರು ಅಂತ ಔಷಧಿ ನಿಲ್ಲಿಸಿ ಪುಡಿ, ಕಷಾಯ ಶುರು ಮಾಡಬೇಡಿ. ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ತಗೊಂಡಾಗ ಮ್ಯಾಜಿಕ್ ಆದ ಹಾಗಿರುತ್ತದೆ. ನಿಲ್ಲಿಸಿದಾಗ ಸೋರಿಯಾಸಿಸ್ ಮೈತುಂಬ ಸಿಡಿದೇಳಬಹುದು.

ಕೆಲವು ಲಕ್ಷಣ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. ಕಣ್ಣು ಕೆಂಪಾಗಿ ನೋವು ಬಂದು ಬೆಳಕು ನೋಡಲಾಗದಿದ್ದರೆ ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಈ ಕಾಯಿಲೆ ಕಣ್ಣಿನೊಳಗೂ ಉರಿಯೂತ ತರಬಹುದು, ತಡವಾದರೆ ದೃಷ್ಟಿಗೆ ಪೆಟ್ಟು. ಹಾಗೇ ಜ್ವರ, ಒಣಕೆಮ್ಮಿನ ಜೊತೆ ಉಸಿರಾಟದ ತೊಂದರೆ, ಬಾಯಿ ತುಂಬ ಹುಣ್ಣು, ಕಣ್ಣು ಹಳದಿ. ಇವು ಔಷಧಿಯಿಂದ ಬಂದದ್ದೂ ಇರಬಹುದು. ವರ್ಷಕ್ಕೊಮ್ಮೆಯಾದರೂ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ. ಈ ಕಾಯಿಲೆ ಇರುವವರಿಗೆ ಹೃದಯದ ತೊಂದರೆಯ ಸಾಧ್ಯತೆ ಸ್ವಲ್ಪ ಜಾಸ್ತಿ.

ಹತ್ತಿರ ಮಲಗುವುದು ಕಡಿಮೆಯಾಗಿದೆ ಅಂತ ನೀವು ಒಂದೇ ಸಾಲು ಬರೆದಿರಿ. ಬರೆದದ್ದೇ ಒಳ್ಳೆಯದಾಯಿತು. ಹೆಚ್ಚಿನವರು ಇದನ್ನು ನಮ್ಮ ಹತ್ತಿರ ಬಾಯಿಬಿಡುವುದಿಲ್ಲ. ಸೊಂಟ ನೋವು, ಸುಸ್ತು ಒಂದು ಕಡೆ. ಚರ್ಮದ ಚಕ್ಕೆ ಹಾಸಿಗೆಯಲ್ಲಿ ಉದುರುತ್ತದೆ ಅನ್ನುವ ಮುಜುಗರ ಇನ್ನೊಂದು ಕಡೆ. ಸೋರಿಯಾಸಿಸ್ ಗುಪ್ತಾಂಗದ ಜಾಗದಲ್ಲೂ ಬರಬಹುದು, ಆಗ ಮುಟ್ಟಿದರೆ ಉರಿ. ಅದಕ್ಕೆ ಬೇರೆ ಮುಲಾಮು ಇದೆ, ಕೇಳಿದರೆ ಕೊಡುತ್ತಾರೆ. ಇದೆಲ್ಲ ಅವರು ನಿಮಗೆ ಹೇಳಿರಲಿಕ್ಕಿಲ್ಲ. ನೀವು ದೂರ ಮಲಗಿದ್ದು ಅವರಿಗೆ ನೋವಾಗದಿರಲಿ ಅಂತ ಇರಬಹುದು. ಅವರಿಗೆ ಅನ್ನಿಸುತ್ತಿರುವುದು ‘ನನ್ನ ಮೈ ಕಂಡರೆ ಅಸಹ್ಯ’ ಅಂತ ಇರಬಹುದು. ಇಬ್ಬರೂ ಕೇಳಿಲ್ಲ, ಇಬ್ಬರೂ ಹೇಳಿಲ್ಲ. ಮೊದಲು ಬರೀ ಮುಟ್ಟುವುದರಿಂದ ಶುರು ಮಾಡಿ. ಬೆನ್ನಿಗೆ, ಮೊಣಕೈಗೆ ಅವರ ಕೈ ಎಟುಕದ ಕಡೆ ಮುಲಾಮು ನೀವು ಹಚ್ಚಿ, ಅವರು ಒಪ್ಪಿದರೆ. ನಿಧಾನವಾಗಿ, ಆ ಚಕ್ಕೆಗಳ ಮೇಲೆ ಅಂಗೈ ಇಟ್ಟು. ಎಲ್ಲಿ ನೋವಾಗುತ್ತದೆ, ಎಲ್ಲಿ ಹಿತ, ಅವರೇ ಹೇಳಲಿ. ಸಂಜೆಗಿಂತ ಮಧ್ಯಾಹ್ನ ಅವರಿಗೆ ಮೈ ಹಗುರವಾಗಿದ್ದರೆ ಆ ಹೊತ್ತೇ ನಿಮ್ಮದಾಗಲಿ.

ಮಗಳಿಗೆ ಸುಳ್ಳು ಹೇಳಬೇಡಿ. ಮುಟ್ಟಿದರೆ ಬರುವುದಿಲ್ಲ, ಅಮ್ಮನ ಪಕ್ಕ ಮಲಗಿದರೆ, ಅಪ್ಪಿಕೊಂಡರೆ ಬರುವುದಿಲ್ಲ ಅನ್ನುವುದು ಮೊದಲ ಮಾತು. ಮನೆತನದಲ್ಲಿ ಇದ್ದರೆ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ, ಅದು ನಿಜ. ಆದರೆ ಬಂದೇ ಬರುತ್ತದೆ ಅಂತ ಇಲ್ಲ. ಬಾರದಿರುವವರೇ ಜಾಸ್ತಿ. ‘ಬಂದರೆ ಗುರುತಿಸೋಕೆ ನಮಗೆ ಗೊತ್ತು, ಔಷಧಿ ಇದೆ’ ಅನ್ನಿ. ಈ ಪ್ರಶ್ನೆಯ ಹಿಂದೆ ಮಕ್ಕಳಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ಅಮ್ಮ ಸಿಡುಕುವುದು ನನ್ನಿಂದಲಾ ಅಂತ. ಅದಕ್ಕೂ ಉತ್ತರ ಕೊಡಿ, ಅವಳು ಕೇಳದಿದ್ದರೂ. ಅವಳಿಗೂ ಆ ಸೊನ್ನೆಯಿಂದ ಹತ್ತರ ಅಂಕ ಕಲಿಸಿ. ‘ಇವತ್ತು ಅಮ್ಮನಿಗೆ ಏಳು’ ಅಂದರೆ ಏನು ಅಂತ ಮಕ್ಕಳಿಗೆ ದೊಡ್ಡವರಿಗಿಂತ ಬೇಗ ಅರ್ಥವಾಗುತ್ತದೆ.

ಇನ್ನು ನಿಮ್ಮ ವಿಷಯ. ನಾಚಿಕೆ ಯಾಕೆ? ಎರಡು ವರ್ಷದಿಂದ ಮನೆ, ಕೆಲಸ, ಮಗು, ಆಸ್ಪತ್ರೆ ಅಂತ ಓಡುತ್ತಿದ್ದೀರಿ. ಸಂಜೆ ಮನೆ ಬಾಗಿಲು ತೆಗೆಯುವ ಮೊದಲೇ ‘ಇವತ್ತು ಹೇಗಿದ್ದಾಳೋ’ ಅನ್ನುವ ಆತಂಕ ನಿಮಗೂ ಇರುತ್ತದೆ. ಸಾಕಾಗಿದೆ ಅನ್ನುವುದು ಪ್ರೀತಿ ಕಡಿಮೆಯಾದ ಲಕ್ಷಣ ಅಲ್ಲ. ಅಣ್ಣತಮ್ಮಂದಿರೋ ಗೆಳೆಯರೋ, ಯಾರಾದರೂ ಒಬ್ಬರ ಹತ್ತಿರ ಇದನ್ನು ಹೇಳಿಕೊಳ್ಳಿ. ವಾರದಲ್ಲಿ ಎರಡು ಗಂಟೆ ನಿಮ್ಮದೇ ಆಗಿರಲಿ. ಅದನ್ನು ಹೆಂಡತಿಗೆ ಹೇಳಿಯೇ ಹೋಗಿ, ಕದ್ದು ಹೋಗಬೇಡಿ. ‘ನನಗೂ ಸುಸ್ತಾಗಿದೆ’ ಅಂತ ಅವರ ಮುಂದೆ ಒಪ್ಪಿಕೊಂಡರೆ ಅವರಿಗೆ ಭಾರ ಆಗುತ್ತದೆ ಅಂತ ಹೆದರಬೇಡಿ. ಎಷ್ಟೋ ಸಲ ಅದರಿಂದಲೇ ಇಬ್ಬರೂ ಮತ್ತೆ ಮಾತಾಡಲು ಶುರು ಮಾಡುತ್ತಾರೆ. ಹೇಳುವಾಗ ಕಾಯಿಲೆಯನ್ನು ಬೈಯಿರಿ, ಅವರನ್ನಲ್ಲ.

ಅವರ ಮನಸ್ಸಿನ ಕಡೆಗೂ ಒಂದು ಕಣ್ಣಿರಲಿ. ಎರಡು ವಾರಕ್ಕಿಂತ ಜಾಸ್ತಿ ಯಾವುದರಲ್ಲೂ ಆಸೆ ಇಲ್ಲದಿದ್ದರೆ, ಊಟ ನಿದ್ದೆ ಕೆಟ್ಟರೆ, ‘ನಾನಿದ್ದು ಏನು ಪ್ರಯೋಜನ’ ಅನ್ನುವ ಮಾತು ಬಂದರೆ ಹಗುರವಾಗಿ ತಗೊಳ್ಳಬೇಡಿ. ಈ ಕಾಯಿಲೆಯ ಜೊತೆ ಖಿನ್ನತೆ ಬರುವುದು ಅಪರೂಪ ಅಲ್ಲ. ಸಾಯುವ ಮಾತಾಡಿದರೆ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಒಬ್ಬರನ್ನೇ ಬಿಡಬೇಡಿ.

ಮುಂದಿನ ತಪಾಸಣೆಗೆ ಇಬ್ಬರೂ ಹೋಗಿ. ಅಲ್ಲಿಯವರೆಗೆ ದಿನಕ್ಕೊಂದು ಸಾಲು ಬರೆದಿಡಿ. ಬೆಳಿಗ್ಗೆಯ ಅಂಕ, ಬಿಗಿತ ಎಷ್ಟು ಹೊತ್ತು ಇತ್ತು, ಯಾವ ಕೀಲು. ಬೆರಳು ಊದಿದ ದಿನ ಮೊಬೈಲಿನಲ್ಲಿ ಫೋಟೋ ತೆಗೆಯಿರಿ, ಅವರನ್ನು ಕೇಳಿಕೊಂಡು. ಡಾಕ್ಟರ ಮುಂದೆ ಕೂತಾಗ ಅವರ ಬದಲು ನೀವು ಉತ್ತರ ಕೊಡಬೇಡಿ. ‘ಹೇಗಿದ್ದೀರಿ?’ ಅಂದಾಗ ಅವರು ಅಭ್ಯಾಸಬಲದಿಂದ ‘ಪರವಾಗಿಲ್ಲ’ ಅನ್ನಬಹುದು. ಆಗ ಆ ಹಾಳೆಯನ್ನು ಅವರ ಕಡೆ ಸರಿಸಿ, ಸ್ವಲ್ಪ ಹೊತ್ತು ಸುಮ್ಮನಿರಿ. ಓದುವುದು ಅವರೇ ಓದಲಿ.